ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಚಾಲೂ ಆಗದಿದ್ದಾಗ ಎಲ್ಲಿಂದ ನೋಡಬೇಕು

ಬಿಡಿಭಾಗಗಳನ್ನು ಆರಿಸಿ ಜೋಡಿಸಿದ ಡೆಸ್ಕ್‌ಟಾಪ್ ಒಂದು ದಿನ ಚಾಲೂ ಆಗದೆ ಹೋದರೆ ನಮ್ಮಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ಒಂದೋ ವಿಂಡೋಸ್ ಅಳಿಸಿ ಹೊಸದಾಗಿ ಹಾಕಿಸುತ್ತಾರೆ, ಇಲ್ಲವೇ ಮದರ್‌ಬೋರ್ಡ್ ಹೋಗಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ಕಲಬುರಗಿಯಲ್ಲಿ ದುರಸ್ತಿಯ ಕೆಲಸ ಮಾಡುತ್ತಾ ನಾನು ಕಂಡಂತೆ ಈ ಎರಡೂ ಬಹುಪಾಲು ಅವಸರದ ತೀರ್ಮಾನಗಳು. ಯಂತ್ರ ಯಾವ ಹಂತದಲ್ಲಿ ನಿಂತಿದೆ ಎಂಬುದು ಖಚಿತವಾಗುವವರೆಗೆ ಯಾವ ಭಾಗವನ್ನೂ ಕೊಳ್ಳಬಾರದು, ಯಾವ ಡಿಸ್ಕನ್ನೂ ಫಾರ್ಮ್ಯಾಟ್ ಮಾಡಬಾರದು.

ಗೋಡೆಯ ಸ್ವಿಚ್ ಹಾಕಿದ ಕ್ಷಣದಿಂದಲೇ ಎಸ್‌ಎಂಪಿಎಸ್, ಅಂದರೆ ಯಂತ್ರಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ, ಮದರ್‌ಬೋರ್ಡಿಗೆ 5 ವೋಲ್ಟಿನ ಸ್ಟ್ಯಾಂಡ್‌ಬೈ ವಿದ್ಯುತ್ತನ್ನು ಕೊಡುತ್ತಿರುತ್ತದೆ. ಕ್ಯಾಬಿನೆಟ್ಟಿನ ಮುಂಭಾಗದ ಪವರ್ ಗುಂಡಿ ಒತ್ತಿದಾಗ ಬೋರ್ಡು ಎಸ್‌ಎಂಪಿಎಸ್‌ಗೆ ಸೂಚನೆ ಕಳಿಸುತ್ತದೆ; 12, 5 ಮತ್ತು 3.3 ವೋಲ್ಟಿನ ಮೂರೂ ಸರಬರಾಜುಗಳು ಸ್ಥಿರಗೊಂಡ ಮೇಲೆ, ಅಂದರೆ 100ರಿಂದ 500 ಮಿಲಿಸೆಕೆಂಡುಗಳೊಳಗೆ, ಎಸ್‌ಎಂಪಿಎಸ್ ‘ಪವರ್ ಗುಡ್’ ಎಂಬ ಸಂಕೇತವನ್ನು ಮರಳಿ ಕೊಡುತ್ತದೆ. ಅದು ಬಂದ ನಂತರವೇ ಪ್ರೊಸೆಸರ್ ಎಚ್ಚೆತ್ತು ಬಯಾಸ್ (ಯಂತ್ರವನ್ನು ಎಬ್ಬಿಸಲು ಬೋರ್ಡಿನಲ್ಲೇ ಇರುವ ತಂತ್ರಾಂಶ) ಓದಲು ತೊಡಗುತ್ತದೆ, ರ‍್ಯಾಮ್ ಮತ್ತು ಗ್ರಾಫಿಕ್ಸನ್ನು ಪರೀಕ್ಷಿಸುತ್ತದೆ, ಕೊನೆಗೆ ಡಿಸ್ಕನ್ನು ಹುಡುಕುತ್ತದೆ. ವಿಂಡೋಸ್‌ನ ಸರದಿ ಬರುವುದು ಇಷ್ಟೆಲ್ಲ ಮುಗಿದ ಮೇಲೆ. ಪರದೆಯ ಮೇಲೆ ಕಂಪನಿಯ ಲೋಗೊ ಕೂಡ ಮೂಡದ ಯಂತ್ರಕ್ಕೆ ವಿಂಡೋಸ್ ಹಾಕಿಸುವುದರಿಂದ ಏನೂ ಆಗದು ಎಂಬುದಕ್ಕೆ ಈ ಕ್ರಮವೇ ಕಾರಣ.

ನಮ್ಮ ಭಾಗದಲ್ಲಿ ನಾನು ಯಾವಾಗಲೂ ವಿದ್ಯುತ್ತಿನಿಂದಲೇ ಶುರುಮಾಡುತ್ತೇನೆ. ಮೇ ತಿಂಗಳ ಸೆಕೆ, ಎಲ್ಲ ಕಡೆ ಕೂಲರ್ ಓಡುವಾಗ ಏರಿಳಿಯುವ ವೋಲ್ಟೇಜು ಮತ್ತು ಧೂಳು ಇವು ಮೂರೂ ಮೊದಲು ಬೀಳುವುದು ಎಸ್‌ಎಂಪಿಎಸ್ ಮೇಲೆ. ತೊಗರಿ ಬೇಳೆ ಮಿಲ್ಲೊಂದರ ಲೆಕ್ಕದ ಕೋಣೆಯಿಂದ ನನ್ನ ಬಳಿಗೆ ಬಂದ ಒಂದು ಯಂತ್ರ ಮುಂಜಾನೆ ಎರಡು ಮೂರು ಸಲ ಗುಂಡಿ ಒತ್ತಿದ ಮೇಲಷ್ಟೇ ಏಳುತ್ತಿತ್ತು, ಒಮ್ಮೆ ಎದ್ದರೆ ತಾಸುಗಟ್ಟಲೆ ಓಡುತ್ತಿತ್ತು, ದೊಡ್ಡ ಫೈಲು ತೆರೆದಾಗ ಮಾತ್ರ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿತ್ತು. ಅದಕ್ಕೆ ಅದಾಗಲೇ ಹೊಸ ರ‍್ಯಾಮ್ ಹಾಕಿಸಿದ್ದರು. ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದಾಗ, ಕೆಲಸದ ಹೊರೆ ಬೀಳುತ್ತಲೇ ಓದು 11.1 ವೋಲ್ಟಿಗೆ ಇಳಿಯಿತು. 12 ವೋಲ್ಟಿನ ಸರಬರಾಜಿಗೆ ಶೇಕಡಾ 5ರಷ್ಟು ಏರಿಳಿತಕ್ಕೆ ಮಾತ್ರ ಅವಕಾಶವಿದೆ, ಅಂದರೆ 11.4ಕ್ಕಿಂತ ಕೆಳಗಿಳಿಯಬಾರದು, 12.6 ದಾಟಬಾರದು. ಎಸ್‌ಎಂಪಿಎಸ್ ಜಾಲರಿಗೆ ಬೇಳೆಯ ನುಚ್ಚುಪುಡಿ ಮತ್ತು ಧೂಳು ಪದರಗಟ್ಟಿ ಗಾಳಿಯಾಡದೆ, ವಿದ್ಯುತ್ತನ್ನು ಹಿಡಿದಿಡುವ ಒಳಗಿನ ಕೆಪಾಸಿಟರುಗಳು ಬಿಸಿಗೆ ಸೊರಗಿದ್ದವು. ಎಸ್‌ಎಂಪಿಎಸ್ ಬದಲಿಸಿದ ಮೇಲೆ, ತೆಗೆದಿಟ್ಟಿದ್ದ ಹಳೆಯ ರ‍್ಯಾಮ್ ಮೇಲೆಯೇ ಯಂತ್ರ ಸರಿಯಾಗಿ ನಡೆಯಿತು.

ಇನ್ನೊಂದು ಸಂಗತಿಯನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಶಹಾಬಾದ್ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆಂದರೆ ಅರ್ತಿಂಗ್ ಇಲ್ಲವೆಂದೇ ತಿಳಿಯಬೇಕು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ನೆಲಕ್ಕೆ ಹರಿಸಬೇಕಾದ ಸಣ್ಣ ಪ್ರವಾಹಕ್ಕೆ ದಾರಿಯಿಲ್ಲದಾಗ, 230 ವೋಲ್ಟಿನ ಸುಮಾರು ಅರ್ಧದಷ್ಟು ಕ್ಯಾಬಿನೆಟ್ಟಿನ ಮೈಮೇಲೆಯೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಎರೆ ನೆಲ ಬಿರಿದು ಒಣಗಿದಾಗ ಚಳಿಗಾಲದಲ್ಲಿ ಸರಿಯಿದ್ದ ಅರ್ತಿಂಗ್ ಕೂಡ ದುರ್ಬಲವಾಗುತ್ತದೆ. ನೆಲದಲ್ಲಿ ಅರ್ತಿಂಗ್ ಹೂತಿರುವ ಕುಣಿಗೆ ಆಗಾಗ ನೀರು ಹಾಕಬೇಕು. ಮೂರನೆಯ ಪಿನ್ ಇಲ್ಲದ ಎಕ್ಸ್‌ಟೆನ್ಶನ್ ಬೋರ್ಡಿಗೆ ದುಬಾರಿ ಯಂತ್ರವನ್ನು ಜೋಡಿಸಿರುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಗುಂಡಿ ಒತ್ತಿದಾಗ ಫ್ಯಾನ್ ಸ್ವಲ್ಪವೂ ಅಲುಗದಿದ್ದರೆ ಎಸ್‌ಎಂಪಿಎಸ್ ಹಿಂಬದಿಯ ಸ್ವಿಚ್ಚು, ಪವರ್ ಕೇಬಲ್ ಮತ್ತು ಕ್ಯಾಬಿನೆಟ್ಟಿನ ಗುಂಡಿಯಿಂದ ಬೋರ್ಡಿಗೆ ಹೋಗುವ ಸಣ್ಣ ತಂತಿಯನ್ನು ನೋಡಬೇಕು. ಆ ತಂತಿಯನ್ನು ಕಳಚಿ, ಬೋರ್ಡಿನ ಮೇಲಿನ ಎರಡು ಪವರ್ ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಸೇರಿಸಿದಾಗ ಯಂತ್ರ ಎದ್ದರೆ ಕೆಟ್ಟಿರುವುದು ಬರೀ ಗುಂಡಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಳಕೆದಾರರು ಎಂದೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ಜೀವಕ್ಕೆ ಅಪಾಯ ತರುವಷ್ಟು ವಿದ್ಯುತ್ ಉಳಿದಿರಬಹುದು.

“ಸರ್, ಫ್ಯಾನ್ ತಿರುಗ್ತದ್ರಿ, ಸ್ಕ್ರೀನ್ ಮ್ಯಾಲ ಏನೂ ಬರವಲ್ದು” ಎಂಬ ದೂರಿನೊಂದಿಗೆ ಬರುವವರಲ್ಲಿ ತಾವೇ ಯಂತ್ರ ಜೋಡಿಸಿದ ವಿದ್ಯಾರ್ಥಿಗಳು ಹೆಚ್ಚು. ಅವರ ಉತ್ಸಾಹ ನನಗೆ ಮೆಚ್ಚುಗೆ. 24 ಪಿನ್ನಿನ ದೊಡ್ಡ ಕನೆಕ್ಟರ್ ಹಾಕಿ, ಪ್ರೊಸೆಸರ್ ಪಕ್ಕದ 8 ಪಿನ್ನಿನದನ್ನು ಮರೆತರೆ ಹೀಗೆಯೇ ಆಗುತ್ತದೆ. ಎರಡು ರ‍್ಯಾಮ್ ಇದ್ದು ನಾಲ್ಕು ಸ್ಲಾಟುಗಳಿದ್ದರೆ ಬಹುತೇಕ ಬೋರ್ಡುಗಳಲ್ಲಿ ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು, ಟಕ್ ಎಂದು ಕೂರುವವರೆಗೆ ಒತ್ತಬೇಕು. ಹೆಸರಿನ ಕೊನೆಗೆ ‘ಎಫ್’ ಅಕ್ಷರವಿರುವ ಇಂಟೆಲ್ ಕೋರ್ ಪ್ರೊಸೆಸರುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಎಎಂಡಿ ಕಂಪನಿಯ ರೈಜೆನ್ 5 5600ರಲ್ಲೂ ಇಲ್ಲ. ಅಂಥ ಯಂತ್ರದಲ್ಲಿ ಮಾನಿಟರ್ ಕೇಬಲನ್ನು ಬೋರ್ಡಿಗೆ ಚುಚ್ಚಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ, ಅದನ್ನು ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಬೇಕು. ಡಿಡಿಆರ್5 ರ‍್ಯಾಮ್ ಇರುವ ಹೊಸ ಯಂತ್ರ ಮೊದಲ ಸಲ ರ‍್ಯಾಮನ್ನು ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳಬಹುದು. ಅಷ್ಟರೊಳಗೆ ಗಾಬರಿಯಾಗಿ ಮತ್ತೆ ಮತ್ತೆ ಆಫ್ ಮಾಡುವವರು ಆ ಕೆಲಸವನ್ನು ಮುಗಿಯಲು ಬಿಡುವುದೇ ಇಲ್ಲ.

ಇತ್ತೀಚಿನ ಅನೇಕ ಬೋರ್ಡುಗಳ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ಸಣ್ಣ ದೀಪಗಳಿರುತ್ತವೆ; ಇವು ಕ್ರಮವಾಗಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಮತ್ತು ಬೂಟ್ ಡಿಸ್ಕಿಗೆ ಸೇರಿದವು. ಯಾವ ದೀಪ ಆರದೆ ಉಳಿಯಿತೋ ತನಿಖೆ ಅಲ್ಲಿಂದ ಆರಂಭವಾಗಬೇಕು. ದೀಪಗಳಿಲ್ಲದ ಬೋರ್ಡನ್ನು ಹೊರತೆಗೆದು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು, ಪ್ರೊಸೆಸರ್, ಕೂಲರ್ ಮತ್ತು ಒಂದೇ ಒಂದು ರ‍್ಯಾಮ್ ಉಳಿಸಿ, ದೋಷವನ್ನು ಸದ್ದಿನಿಂದ ತಿಳಿಸುವ ಬೀಪ್ ಸ್ಪೀಕರ್ ಚುಚ್ಚಿ ಚಾಲೂ ಮಾಡುತ್ತೇನೆ. ಹೊರಗೆ ನಡೆದ ಬೋರ್ಡು ಕ್ಯಾಬಿನೆಟ್ಟಿನಲ್ಲಿ ನಡೆಯದಿದ್ದರೆ, ಅದರ ಕೆಳಗೆ ತಪ್ಪು ಜಾಗದಲ್ಲಿ ಉಳಿದ ಹಿತ್ತಾಳೆಯ ಸ್ಟ್ಯಾಂಡ್‌ಆಫ್ (ಬೋರ್ಡನ್ನು ಎತ್ತಿ ನಿಲ್ಲಿಸುವ ಸಣ್ಣ ಕಂಬ) ಒಂದು ಬೆಸುಗೆಗೆ ತಾಗಿ ಶಾರ್ಟ್ ಮಾಡುತ್ತಿರುವ ಸಾಧ್ಯತೆ ಹೆಚ್ಚು. ಇದನ್ನು ನೋಡದೆಯೇ ಎಷ್ಟೋ ಒಳ್ಳೆಯ ಬೋರ್ಡುಗಳನ್ನು ಕೆಟ್ಟವೆಂದು ಬದಿಗಿಟ್ಟಿದ್ದಾರೆ.

ಲೋಗೊ ಮೂಡಿದ ಮೇಲೆ ‘ಬೂಟ್ ಡಿವೈಸ್ ಇಲ್ಲ’ ಎಂಬ ಸಂದೇಶ ಬಂದಾಗಲೂ ಡಿಸ್ಕ್ ಸತ್ತಿದೆ ಎನ್ನಬೇಕಾಗಿಲ್ಲ. ಬೋರ್ಡಿನ ಮೇಲಿನ ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಸೆಲ್ ಮುಗಿದಾಗ ಗಡಿಯಾರ ಹಿಂದೆ ಬೀಳುತ್ತದೆ, ಎಷ್ಟೋ ಬೋರ್ಡುಗಳಲ್ಲಿ ಬಯಾಸ್‌ನ ಹೊಂದಾಣಿಕೆಗಳೂ ಮೂಲ ಸ್ಥಿತಿಗೆ ಮರಳುತ್ತವೆ. ಲೆಗಸಿ ಎಂಬ ಹಳೆಯ ಬೂಟ್ ಪದ್ಧತಿಯಲ್ಲಿ ವಿಂಡೋಸ್ ಹಾಕಿದ ಡಿಸ್ಕಿನಿಂದ, ಯುಇಎಫ್‌ಐ ಎಂಬ ಹೊಸ ಪದ್ಧತಿಗೆ ಮರಳಿದ ಬೋರ್ಡು ಬೂಟ್ ಮಾಡುವುದಿಲ್ಲ. ಮೊದಲು ಬಯಾಸ್ ಒಳಗೆ ಹೋಗಿ ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಿ, ಕಂಡರೆ ಬೂಟ್ ಪದ್ಧತಿಯನ್ನು ಹಿಂದಿನಂತೆ ಮಾಡಿ, ಸೆಲ್ ಬದಲಿಸಿದರೆ ಮುಗಿಯಿತು. ಡಿಟಿಪಿ ಅಂಗಡಿಯವರು ವರ್ಷಗಟ್ಟಲೆ ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಕಡತಗಳನ್ನು ಇಂಥ ಒಂದು ಸೆಲ್ಲಿನ ಸಲುವಾಗಿ ಫಾರ್ಮ್ಯಾಟ್‌ಗೆ ಒಪ್ಪಿಸುವುದು ತೀರ ಅನ್ಯಾಯ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡ ಕಾರಣ ಅನೇಕರು ವಿಂಡೋಸ್ 11ಕ್ಕೆ ಬಂದಿದ್ದಾರೆ. ಅದರಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರಬಹುದು, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರಬಹುದು. ಅಂಥ ಯಂತ್ರದಲ್ಲಿ ಬಯಾಸ್ ನವೀಕರಿಸಿದಾಗ, ಟಿಪಿಎಂ (ಆ ಬೀಗದ ಗುಟ್ಟನ್ನು ಕಾಯುವ ಭದ್ರತಾ ಭಾಗ) ಅಳಿಸಿದಾಗ ಅಥವಾ ಬೋರ್ಡ್ ಬದಲಿಸಿದಾಗ ನೀಲಿ ಪರದೆ 48 ಅಂಕಿಗಳ ಬಿಟ್‌ಲಾಕರ್ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಖಾತೆ ತೆರೆಯಲಾಗದೆ ಆ ಕೀ ಎಲ್ಲಿಯೂ ಸಿಗದಿದ್ದರೆ ಒಳಗಿನ ಫೋಟೊ, ಲೆಕ್ಕಪತ್ರ ಯಾವುದನ್ನೂ ನಾನಾಗಲಿ ಬೇರೆ ಯಾವ ದುರಸ್ತಿಗಾರರಾಗಲಿ ತೆಗೆದುಕೊಡಲಾರೆವು. ಆದ್ದರಿಂದ ಯಂತ್ರ ಚೆನ್ನಾಗಿ ನಡೆಯುತ್ತಿರುವಾಗಲೇ ಆ ಕೀಯನ್ನು ಕಾಗದದ ಮೇಲೆ ಬರೆದು, ಬೋರ್ಡಿನ ಬಿಲ್ಲು ಮತ್ತು ವಾರಂಟಿ ಕಾರ್ಡಿನ ಜೊತೆಗೆ ಇಟ್ಟುಕೊಳ್ಳಿ.