ಟ್ರಂಕಿನ ಸೀರೆ, ತಾತನ ಕೋಟು: ಮನೆಮಂದಿಯ ಫೋಟೋಗೆ ಹೇಗೆ ಉಡಿಸುವುದು?

ಓದುಗರ ಪ್ರಶ್ನೆ: ಅಜ್ಜಿಯ ಟ್ರಂಕಿನಲ್ಲಿ ಒಂದು ಇಳಕಲ್ ಸೀರೆ, ಎರಡು ರೇಷ್ಮೆ ಸೀರೆ, ತಾತನ ಮುಚ್ಚುಕಾಲರಿನ ಕೋಟು, ಎಪ್ಪತ್ತರ ದಶಕದ ಒಂದಷ್ಟು ಷರಟುಗಳು ಸಿಕ್ಕಿವೆ. ಇವನ್ನೇ ಹಾಕಿಕೊಂಡು ಮನೆಯವರೆಲ್ಲ ಸೇರಿ ಫೋಟೋ ತೆಗೆಯಬೇಕೆಂದಿದ್ದೇವೆ. ಇರುವುದು ಮೊಬೈಲ್ ಮಾತ್ರ. ಛದ್ಮವೇಷದ ಹಾಗೆ ಕಾಣಬಾರದು, ಬಟ್ಟೆಯೂ ಹರಿಯಬಾರದು. ಏನು ಮಾಡಬೇಕು?

ಚಿಕ್ಕ ಉತ್ತರ ಇಷ್ಟೆ. ಒಬ್ಬರ ಮೈಮೇಲೆ ಒಂದೇ ಹಳೆಯ ಬಟ್ಟೆ ಇರಲಿ, ಉಳಿದದ್ದು ಅವರು ದಿನವೂ ಹಾಕುವ ಸಾದಾ ಉಡುಪಾಗಿರಲಿ. ಅಜ್ಜಿಯ ಸೀರೆಗೆ ಬುಗ್ಗೆ ತೋಳಿನ ರವಿಕೆ, ಅದಕ್ಕೆ ತಕ್ಕ ತುರುಬು, ಮೂಗುಬಟ್ಟು, ಕೈಯಲ್ಲೊಂದು ಹಿತ್ತಾಳೆ ಚೊಂಬು ಎಂದು ಸೆಟ್ಟೇ ಜೋಡಿಸಿದರೆ ಅದು ಶಾಲಾ ವಾರ್ಷಿಕೋತ್ಸವವಾಗುತ್ತದೆ. ಅದೇ ಸೀರೆಯನ್ನು ಬಿಳಿ ಅಥವಾ ಕಪ್ಪು ಹತ್ತಿ ರವಿಕೆಯ ಮೇಲೆ, ದಿನದ ಜಡೆ, ದಿನದ ಓಲೆಯೊಂದಿಗೆ ಉಟ್ಟರೆ ನೋಡುವವರ ಕಣ್ಣು ನೇರ ಸೀರೆಗೆ ಹೋಗುತ್ತದೆ, ಆಮೇಲೆ ಮುಖಕ್ಕೆ.

ಆದರೆ ಯಾರಿಗೆ ಯಾವುದು ಒಪ್ಪುತ್ತದೆ ಎಂದು ನೋಡುವ ಮೊದಲು ಯಾವುದು ತಾಳುತ್ತದೆ ಎಂದು ನೋಡಬೇಕು. ಕಡಿಮೆಯೆಂದರೆ ನಾಲ್ಕೈದು ದಿನ ಮುಂಚೆ ಟ್ರಂಕು ತೆಗೆಯಿರಿ. ಮಂಚದ ಮೇಲೆ ಬಿಳಿ ದುಪ್ಪಟಿ ಹಾಸಿ, ಕೈಯಲ್ಲಿರುವ ಉಂಗುರ ಬಳೆ ತೆಗೆದಿಟ್ಟು, ಸೀರೆಯನ್ನು ಅದರ ಮೇಲೆ ಬಿಚ್ಚಿ. ಒಂದೊಂದು ಮಡಿಕೆಯ ಗೆರೆಯನ್ನೂ ಕಿಟಕಿಯ ಬೆಳಕಿಗೆ ಎತ್ತಿ ಹಿಡಿಯಿರಿ. ರೇಷ್ಮೆ ವರ್ಷಗಟ್ಟಲೆ ಒಂದೇ ಗೆರೆಯಲ್ಲಿ ಮಡಚಿಟ್ಟಾಗ ಅಲ್ಲಿಯೇ ಮೊದಲು ಸೀಳುತ್ತದೆ. ಗೆರೆಯ ಉದ್ದಕ್ಕೂ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಂಡರೆ ಎಳೆ ಬಿಡುತ್ತಿದೆ ಎಂದರ್ಥ. ಆಮೇಲೆ ಗೆರೆಯ ಎರಡೂ ಬದಿ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು, ಮಗುವಿನ ಕೆನ್ನೆ ಚಿವುಟುವಷ್ಟೇ ಬಲದಲ್ಲಿ ಎಳೆಯಿರಿ. ‘ಚಿರ್’ ಎಂದು ಸಣ್ಣ ಸದ್ದು ಬಂದರೂ ಆ ಸೀರೆಯನ್ನು ಉಡುವ ಆಸೆ ಬಿಡಿ.

ಉಡುವ ಆಸೆ ಮಾತ್ರ. ಹೊದೆಯಲು ಅದು ಬರುತ್ತದೆ. ಸಾದಾ ಕುರ್ತಾದ ಮೇಲೆ ಶಾಲಿನಂತೆ, ಕೂತ ಅಜ್ಜಿಯ ಮಡಿಲ ಮೇಲೆ, ಬೆಂಚಿನ ಬೆನ್ನಿಗೆ ಇಳಿಬಿಟ್ಟು, ಎಲ್ಲಿ ಎಳೆತ ಬೀಳುವುದಿಲ್ಲವೋ ಅಲ್ಲೆಲ್ಲ ಬಳಸಬಹುದು. ಸೀರೆ ಹರಿಯುವುದು ನಿಂತಾಗ ಅಲ್ಲ, ಕೂರುವಾಗ ಮತ್ತು ಏಳುವಾಗ. ಮಂಡಿ, ಸೊಂಟದ ಹಿಂಭಾಗ, ಹಿಮ್ಮಡಿ ತುಳಿಯುವ ನೆರಿಗೆ, ಭುಜದ ಪಿನ್ನು, ಈ ನಾಲ್ಕು ಕಡೆ ಗಮನ ಇರಲಿ. ಲಂಗವನ್ನು ಬಿಗಿಯಾಗಿ ಕಟ್ಟಿ, ಸೀರೆಯನ್ನು ಅದರ ಮೇಲೆ ಸಡಿಲವಾಗಿ ಸುತ್ತಿ. ಕೂರುವ ಮೊದಲು ತೊಡೆಯ ಮೇಲಿನ ಬಟ್ಟೆಯನ್ನು ಎರಡು ಬೆರಳಷ್ಟು ಮೇಲಕ್ಕೆ ಎತ್ತಿಕೊಂಡು ಕೂತರೆ ಮಂಡಿಯ ಮೇಲಿನ ಎಳೆತ ಎಷ್ಟೋ ತಗ್ಗುತ್ತದೆ.

ಇಳಕಲ್ ಸೀರೆಗೆ ಇನ್ನೊಂದು ಪರೀಕ್ಷೆ ಬೇಕು. ಅದರ ಮೈಯ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆ ಬೇರೆ, ಸೆರಗಿನ ಹಾಸು ಬೇರೆ. ಮಗ್ಗದ ಮೇಲೆಯೇ ಒಂದೊಂದು ಎಳೆಗೂ ಕೊಂಡಿ ಹಾಕಿ ಎರಡನ್ನೂ ಸೇರಿಸುತ್ತಾರೆ. ಮೈ ಹತ್ತಿಯದಾಗಿ ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿದ್ದರೆ ಎರಡರ ವಯಸ್ಸಾಗುವ ಬಗೆಯೇ ಬೇರೆ. ಹತ್ತಿ ಗಟ್ಟಿಯಾಗಿಯೇ ಇರುತ್ತದೆ, ಕೊಂಡಿ ಹಾಕಿದ ಗೆರೆಯಲ್ಲಿ ಸೆರಗು ಕಳಚಿಕೊಳ್ಳುತ್ತದೆ. ಆ ಗೆರೆ ಭುಜದ ಮೇಲೆ ಬರದ ಹಾಗೆ ಉಡಿ, ಪಿನ್ನು ಅದಕ್ಕಿಂತ ಒಂದು ಗೇಣು ಕೆಳಗೆ, ಮೈಯ ಭಾಗಕ್ಕೆ ಬೀಳಲಿ. ಇಳಕಲ್‌ನಲ್ಲಿ ಫೋಟೋಗೆ ಬೇಕಾದದ್ದು ತೋಪು ತೆನೆ ಎಂಬ ವಿನ್ಯಾಸದ ಕೆಂಪು ಬಿಳಿ ಸೆರಗೇ ಆದ್ದರಿಂದ ಅದನ್ನು ಬೆನ್ನ ಹಿಂದೆ ಬಿಟ್ಟು ಕಳೆದುಕೊಳ್ಳಬೇಡಿ. ಸೆರಗನ್ನು ಬಲಗಡೆಯಿಂದ ಮುಂದಕ್ಕೆ ತಂದು ಮಡಿಲಲ್ಲಿ ಹರಡಿ, ಅಥವಾ ತಲೆಯ ಮೇಲೆ ಹೊದೆಯಿರಿ. ಉತ್ತರ ಕರ್ನಾಟಕದ ಮನೆಯಾದರೆ ಹೊದ್ದ ಸೆರಗನ್ನು ಯಾರೂ ವೇಷ ಎನ್ನುವುದಿಲ್ಲ.

ಮೈಸೂರು ರೇಷ್ಮೆಯ ಸಮಸ್ಯೆ ತಿರುವುಮುರುವು. ಕ್ರೇಪ್, ಅಂದರೆ ಹುರಿ ಹಾಕಿದ ಎಳೆಯಲ್ಲಿ ನೇಯ್ದದ್ದು, ಆದ್ದರಿಂದ ಮಡಿಕೆಯಲ್ಲಿ ಅಷ್ಟು ಬೇಗ ಸೀಳುವುದಿಲ್ಲ, ಆದರೆ ಜಾರುತ್ತದೆ. ನೆರಿಗೆ ನಿಲ್ಲುವುದಿಲ್ಲ ಎಂದು ಹತ್ತು ಪಿನ್ನು ಚುಚ್ಚುವವರೇ ಹೆಚ್ಚು, ತೂತು ಬೀಳುವುದೂ ಅದರಿಂದಲೇ. ಹೊಸ, ತುಕ್ಕು ಹಿಡಿಯದ ಎರಡು ಪಿನ್ನು ಸಾಕು. ಪಿನ್ನು ಮತ್ತು ಸೀರೆಯ ನಡುವೆ ಎರಡು ಸೆಂಟಿಮೀಟರ್ ಚೌಕದ ಹತ್ತಿ ತುಂಡೊಂದನ್ನು ಮಡಚಿ ಇಡಿ, ಎಳೆತ ಅದರ ಮೇಲೆ ಬೀಳುತ್ತದೆ. ಜರಿಯೊಳಗೆ ಪಿನ್ನು ತೂರಿಸಲೇಬೇಡಿ. ರೇಷ್ಮೆ ಎಳೆಗೆ ಸುತ್ತಿದ ಲೋಹದ ತಂತಿ ಒಮ್ಮೆ ಕಡಿದರೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಜರಿ ಕಪ್ಪಾಗಿದ್ದರೆ ಹುಣಸೆ, ಹಲ್ಲುಜ್ಜುವ ಪೇಸ್ಟು, ಸೋಡಾ ಹಚ್ಚಿ ತಿಕ್ಕುವ ಉಪಾಯಗಳನ್ನು ನಂಬಬೇಡಿ. ಬೆಳ್ಳಿಯ ಮೇಲಿರುವ ಚಿನ್ನದ ಲೇಪ ತೀರಾ ತೆಳುವು, ಕಪ್ಪಿನ ಜೊತೆ ಅದೂ ಹೋಗುತ್ತದೆ. ಮಂಕಾದ ಜರಿ ಫೋಟೋದಲ್ಲಿ ಹೊಳೆಯುವ ಜರಿಗಿಂತ ಚೆನ್ನಾಗಿಯೇ ಕಾಣುತ್ತದೆ. ಸ್ಟೀಲ್ ಪಾತ್ರೆಯ ಆಸೆಗೆ ಜರಿ ಸೀರೆ ಕೊಟ್ಟುಬಿಟ್ಟ ಮನೆಗಳು ಎಷ್ಟೋ ಇವೆ, ನಿಮ್ಮಲ್ಲಿ ಉಳಿದಿದೆಯಲ್ಲ, ಅದೇ ದೊಡ್ಡದು.

ಇನ್ನು ವಾಸನೆ. ನುಸಿಗುಳಿಗೆಯ ವಾಸನೆ ಸುಗಂಧ ಸಿಂಪಡಿಸಿದರೆ ಹೋಗುವುದಿಲ್ಲ, ಎರಡೂ ಸೇರಿ ಮೂರನೆಯದೊಂದು ಹುಟ್ಟುತ್ತದೆ, ಜೊತೆಗೆ ಜರಿಯ ಮೇಲೆ ಕಲೆ. ಅಗಲವಾದ ಬಿದಿರ ಗಳಕ್ಕೆ ಹಳೆಯ ಪಂಚೆ ಸುತ್ತಿ, ಅದರ ಮೇಲೆ ಸೀರೆಯನ್ನು ಹರವಿ, ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ದಿನ ಬಿಡಿ. ಬಿಸಿಲು ಬೇಡ, ರೇಷ್ಮೆಯ ಬಣ್ಣ ಮಡಿಕೆ ಮಡಿಕೆಯಾಗಿ ಮಾಸುತ್ತದೆ. ಒಂದು ವಿಷಯ ಮಾತ್ರ ಕಡ್ಡಾಯ: ನ್ಯಾಫ್ತಲೀನ್ ಗುಳಿಗೆಯ ಜೊತೆ ಇಟ್ಟಿದ್ದ ಬಟ್ಟೆಯನ್ನು ಒಗೆಯದೆ ಹಸುಗೂಸಿಗೆ ಸುತ್ತಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಮತ್ತು ಕೊರತೆ ಇದೆಯೆಂದು ಮೊದಲೇ ಗೊತ್ತಿರುವುದು ಅಪರೂಪ. ಕೂಸಿಗೆ ಹೊಸ ಹತ್ತಿ ಬಟ್ಟೆಯೇ ಸಾಕು.

ಹತ್ತಿಯನ್ನು ಒಗೆಯುವ ಮುಂಚೆ ಬಣ್ಣ ಬಿಡುತ್ತದೆಯೇ ನೋಡಿ. ಒದ್ದೆ ಬಿಳಿ ಬಟ್ಟೆಯನ್ನು ಅಂಚಿನ ಒಳಬದಿಗೆ ಅರ್ಧ ನಿಮಿಷ ಒತ್ತಿ ಹಿಡಿದರೆ ತಿಳಿಯುತ್ತದೆ. ಕೆಂಪು ಬಿಟ್ಟರೆ ನೀರು ಮುಟ್ಟಿಸಬೇಡಿ, ಗಾಳಿಯೇ ಸಾಕು. ಕೃತಕ ರೇಷ್ಮೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ಅದನ್ನು ಹಿಂಡಲೂಬಾರದು, ನೇತುಹಾಕಲೂಬಾರದು. ಸುಕ್ಕು ತೆಗೆಯಲು ಒಳಬದಿಯಿಂದ, ಮೇಲೊಂದು ಒಣ ಹತ್ತಿ ಬಟ್ಟೆ ಹಾಕಿ, ಇಸ್ತ್ರಿಪೆಟ್ಟಿಗೆಯನ್ನು ರೇಷ್ಮೆಯ ಗುರುತಿಗಿಟ್ಟು ಒತ್ತಿ, ಎಳೆಯಬೇಡಿ. ಎಪ್ಪತ್ತರ ದಶಕದ ನೈಲಾನ್, ಟೆರಿಲಿನ್‌ಗೆ ಅದಕ್ಕಿಂತ ಕಡಿಮೆ ಶಾಖ. ಹೂವಿನ ಅಚ್ಚಿನ ನೈಲಾನ್ ಸೀರೆ ಉಟ್ಟವರ ಕೈಗೆ ದೀಪ ಕೊಡಬೇಡಿ, ಬೆಂಕಿ ತಗುಲಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ.

ಹಳೆಯ ರವಿಕೆ ಯಾರಿಗೂ ಸರಿಹೋಗುವುದಿಲ್ಲ ಎಂದೇ ಇಟ್ಟುಕೊಳ್ಳಿ. ಕಂಕುಳ ಸುತ್ತಳತೆ ಕಿರಿದು, ಬೆವರಿನಿಂದ ಅಲ್ಲಿಯೇ ಬಟ್ಟೆ ಸತ್ತಿರುತ್ತದೆ. ಕೋಟು ಹಾಗಲ್ಲ, ಅದರಲ್ಲಿ ಭುಜ ಒಂದು ಸರಿಯಾಗಿದ್ದರೆ ಉಳಿದದ್ದೆಲ್ಲ ದಾರಿಗೆ ಬರುತ್ತದೆ. ತೋಳು ಉದ್ದವಾದರೆ ಒಳಕ್ಕೆ ಒಂದೆರಡು ಅಂಗುಲ ಮಡಚಿ ದೊಡ್ಡ ಹೊಲಿಗೆ ಹಾಕಿ, ಹೊಟ್ಟೆಯ ಹತ್ತಿರ ಸಡಿಲವಾದರೆ ಬೆನ್ನ ಹಿಂದೆ ಬಟ್ಟೆ ಒಣಗಿಸುವ ಮರದ ಕ್ಲಿಪ್ಪು ಎರಡು. ಭುಜದ ಹೊಲಿಗೆ ತೋಳಿನ ಮೇಲೆ ಇಳಿದರೆ ಮಾತ್ರ ಆ ಕೋಟು ಬೇರೆಯವರಿಗೆ ಹೋಗಲಿ, ಅದನ್ನು ಮುಚ್ಚುವ ಉಪಾಯವಿಲ್ಲ. ಮುಚ್ಚುಕಾಲರಿನ ಕೋಟಿಗೆ ಬಿಳಿ ಪಂಚೆ ಉಟ್ಟರೆ ತಾತನ ಫೋಟೋದ ನಕಲಾಗುತ್ತದೆ, ಸಾದಾ ಗಾಢ ಬಣ್ಣದ ಪ್ಯಾಂಟು ಹಾಕಿದರೆ ಮೊಮ್ಮಗನ ಫೋಟೋ ಆಗುತ್ತದೆ. ನಮ್ಮ ಮತ ಎರಡನೆಯದಕ್ಕೆ. ಸಿದ್ಧಪೇಟ ಬೇಡ, ಅದರ ಹೊಳಪು ಮದುವೆ ಛತ್ರವನ್ನು ನೆನಪಿಸುತ್ತದೆ. ದೊಡ್ಡ ಕಾಲರಿನ ಷರಟನ್ನು ಹದಿಹರೆಯದ ಹುಡುಗಿಗೆ ಕೊಟ್ಟು ನೋಡಿ, ಬಟನ್ ಬಿಚ್ಚಿ, ಸಾದಾ ಬನಿಯನ್ನಿನ ಮೇಲೆ ಜಾಕೆಟ್ಟಿನಂತೆ. ಮಕ್ಕಳ ಲಂಗಕ್ಕಾಗಿ ಸೀರೆ ಕತ್ತರಿಸುವುದು ಬೇಡ. ಅಗಲವನ್ನು ಅರ್ಧಕ್ಕೆ ಮಡಚಿ, ಸೊಂಟಕ್ಕೆ ಅಗಲ ಎಲಾಸ್ಟಿಕ್ ಹಾಕಿ, ನೆರಿಗೆಗಳನ್ನು ಅದರೊಳಗೆ ಸಿಕ್ಕಿಸಿದರೆ ಆರೇಳು ವರ್ಷದ ಮಗುವಿಗೆ ಲಂಗವೇ. ನಾಲ್ಕೈದರ ಹುಡುಗನಿಗೆ ತಾತನ ಶಲ್ಯವೇ ಪಂಚೆ.

ಟ್ರಂಕಿನಲ್ಲಿ ಸಾಲದೆ ಬಂದದ್ದನ್ನು ಬೆಂಗಳೂರಿನ ಸಂಡೇ ಬಜಾರಿನಂಥ ಕಡೆ ಕೊಳ್ಳುವುದಾದರೆ ಮೂರು ಕಡೆ ನೋಡಿ: ಕಂಕುಳು, ಕಾಲರಿನ ಒಳಬದಿ, ಪ್ಯಾಂಟಿನ ತುದಿ. ಹಳದಿಗಟ್ಟಿದ ಬೆವರಿನ ಕಲೆ ಹೋಗುವುದಿಲ್ಲ, ಬಿಚ್ಚಿ ಉದ್ದ ಮಾಡಿದ ತುದಿಯ ಹಳೆಯ ಗೆರೆಯೂ ಹೋಗುವುದಿಲ್ಲ. ಹತ್ತಿಯಾದರೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯದೆ ಮನೆಯ ಬೀರುವಿನೊಳಗೆ ಸೇರಿಸಬೇಡಿ, ತಿಗಣೆ ಬರುವುದು ಹಾಗೆ.

ಬಣ್ಣ ಹೊಂದಿಸುವಾಗ ಎಲ್ಲರಿಗೂ ಒಂದೇ ಬಣ್ಣ ಹಾಕಿಸುವುದು ಸುಲಭದ ದಾರಿ, ಬೇಸರದ ದಾರಿಯೂ ಹೌದು. ಗುಂಪಿನಲ್ಲಿ ಅತಿ ಗಾಢವಾದ ಒಂದು ಸೀರೆ ಆರಿಸಿ, ಅದರ ಅಂಚಿನಲ್ಲಿರುವ ಎರಡು ಬಣ್ಣಗಳನ್ನು ಉಳಿದವರಿಗೆ ಹಂಚಿ. ಕುಂಕುಮ ಮೈಗೆ ಹಸಿರು ಅಂಚಿದ್ದರೆ ಒಬ್ಬರು ಮಾಸಲು ಹಸಿರು, ಒಬ್ಬರು ಕೆನೆಬಣ್ಣ. ಚೌಕಳಿಯೋ ಹೂವೋ ದೊಡ್ಡದಾಗಿ ಕಾಣುವುದು ಒಬ್ಬರ ಮೇಲೆ ಮಾತ್ರ. ಬಿಳಿಯ ವಿಷಯದಲ್ಲಿ ಎಚ್ಚರ. ಇಂದಿನ ಒಗೆಯುವ ಪುಡಿಗಳಲ್ಲಿ ಬೆಳ್ಳಗೆ ತೋರಿಸುವ ರಾಸಾಯನಿಕವಿದೆ, ನೆರಳಿನಲ್ಲಿ ಹೊಸ ಬಿಳಿ ಷರಟು ನೀಲಿಯಾಗಿ ಹೊಳೆಯುತ್ತದೆ, ಪಕ್ಕದಲ್ಲಿರುವ ಹಳೆಯ ಪಂಚೆ ಕೊಳೆಯಾದಂತೆ ತೋರುತ್ತದೆ. ಎರಡನ್ನೂ ಅಕ್ಕಪಕ್ಕ ನಿಲ್ಲಿಸಬೇಡಿ.

ಫೋಟೋವನ್ನು ಕಪ್ಪುಬಿಳುಪು ಮಾಡುವ ಯೋಚನೆಯಿದ್ದರೆ ಹಿಂದಿನ ದಿನವೇ ಬಟ್ಟೆಗಳನ್ನು ಒಟ್ಟಿಗೆ ಹರಡಿ ಒಂದು ಚಿತ್ರ ತೆಗೆದು ಬಣ್ಣ ತೆಗೆದು ನೋಡಿ. ಕೆಂಪು ಹಸಿರು ಒಂದೇ ಬೂದಿಯಾಗಿ ಬೆರೆತು, ಅಷ್ಟು ಚೆಂದದ ಅಂಚೇ ಮಾಯವಾಗುವುದು ಸಾಮಾನ್ಯ. ಬಹಳ ಹಳೆಯ ಫಿಲ್ಮುಗಳಿಗೆ ಕೆಂಪು ಬೆಳಕು ಹೆಚ್ಚುಕಡಿಮೆ ಕಾಣುತ್ತಲೇ ಇರಲಿಲ್ಲ, ಹಾಗಾಗಿ ಅವುಗಳಲ್ಲಿ ಕುಂಕುಮದ ಸೀರೆ ಕಪ್ಪಾಗಿಯೇ ಬಂದಿದೆ. ಆ ನೋಟ ಬೇಕೆಂದರೆ ಸ್ನ್ಯಾಪ್‌ಸೀಡಿನಂಥ ಆ್ಯಪಿನ ಕಪ್ಪುಬಿಳುಪು ವಿಭಾಗದಲ್ಲಿ ಹಸಿರು ಫಿಲ್ಟರ್ ಆರಿಸಿ, ಕೆಂಪು ಗಾಢವಾಗಿ ಹಸಿರು ತಿಳಿಯಾಗಿ ಬೇರ್ಪಡುತ್ತವೆ. ತುಟಿಯೂ ಕಪ್ಪಾಗುತ್ತದೆ, ಆದ್ದರಿಂದ ಲಿಪ್‌ಸ್ಟಿಕ್ ಕಡಿಮೆ.

ತೆಗೆಯುವ ಜಾಗಕ್ಕೆ ಜಗಲಿ, ಪಡಸಾಲೆ, ದೊಡ್ಡ ಕಿಟಕಿಯ ಪಕ್ಕ. ಜನ ಹೊರಗಿನ ಬೆಳಕಿಗೆ ಮುಖ ಮಾಡಿ ನೆರಳಿನ ಅಂಚಿನಿಂದ ಒಂದು ಹೆಜ್ಜೆ ಒಳಗಿರಲಿ. ಮನೆಯ ಬಲ್ಬುಗಳನ್ನೆಲ್ಲ ಆರಿಸಿ. ಹಳದಿ ಬೆಳಕೂ ಹಗಲ ಬೆಳಕೂ ಬೆರೆತರೆ ರೇಷ್ಮೆಯ ಬಣ್ಣ ಮುಂದೊಂದು ಹಿಂದೊಂದು ಆಗುತ್ತದೆ. ಫ್ಲಾಶ್ ಬೇಡವೇ ಬೇಡ, ಜರಿ ಬಿಳಿ ಮಚ್ಚೆಯಾಗುತ್ತದೆ, ಟೆರಿಲಿನ್ ಷರಟು ಎಣ್ಣೆ ಸವರಿದಂತೆ ಹೊಳೆಯುತ್ತದೆ. ಮೊಬೈಲನ್ನು 1x ಬಿಟ್ಟು 2xಗೆ ಇಟ್ಟು ಹಿಂದೆ ಸರಿಯಿರಿ. ಹತ್ತಿರದಿಂದ ತೆಗೆದರೆ ತುದಿಯಲ್ಲಿ ನಿಂತವರು ಅಡ್ಡಡ್ಡ ಹಿಗ್ಗುತ್ತಾರೆ. ಫೋನು ನಿಮ್ಮ ಕಣ್ಣಿನ ಎತ್ತರದಲ್ಲಿ ಬೇಡ, ಉಟ್ಟವರ ಸೊಂಟದಿಂದ ಎದೆಯ ನಡುವಿನ ಎತ್ತರದಲ್ಲಿರಲಿ. ಮೇಲಿನಿಂದ ತೆಗೆದ ಸೀರೆ ಗಿಡ್ಡವಾಗುತ್ತದೆ. ಕೆಂಪು ರೇಷ್ಮೆಯ ಮೇಲೆ ಬೆರಳೊತ್ತಿ ಬೆಳಕನ್ನು ಸ್ವಲ್ಪ ಇಳಿಸಿ, ಇಲ್ಲವಾದರೆ ನೇಯ್ಗೆಯ ಎಳೆಯೆಲ್ಲ ಹೋಗಿ ಕೆಂಪು ಬಳಿದ ಗೋಡೆಯಂತೆ ಬರುತ್ತದೆ. ಸಣ್ಣ ಚೌಕಳಿಯ ಮೇಲೆ ಕಾಮನಬಿಲ್ಲಿನ ಅಲೆ ಕಂಡರೆ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಆಗಲೂ ಇದ್ದರೆ ಅರ್ಧ ಹೆಜ್ಜೆ ಮುಂದೋ ಹಿಂದೋ ಹೋಗಿ ಮತ್ತೆ ತೆಗೆಯಿರಿ, ಆಮೇಲೆ ಅದನ್ನು ತೆಗೆದುಹಾಕುವುದು ಕಷ್ಟ.

ಕ್ಲಿಕ್ಕಿಸುವ ಮುಂಚೆ ಕೈಗಡಿಯಾರ, ಜೇಬಿನ ಮೊಬೈಲ್, ಕಾಲಿನ ಸ್ಪೋರ್ಟ್ಸ್ ಶೂ, ಹಿನ್ನೆಲೆಯ ಪ್ಲಾಸ್ಟಿಕ್ ಕುರ್ಚಿ ನೋಡಿಕೊಳ್ಳಿ. ಕೆಂಪು ಗಾರೆ ನೆಲವಿದ್ದರೆ ಬರಿಗಾಲೇ ಚೆಂದ. ಮಕ್ಕಳು ಮತ್ತು ಅತಿ ದುರ್ಬಲ ಸೀರೆ, ಎರಡಕ್ಕೂ ಮೊದಲ ಇಪ್ಪತ್ತು ನಿಮಿಷ. ಎಲ್ಲರೂ ಇರುವ ಚಿತ್ರ ಆಗಲೇ ಮುಗಿಯಲಿ, ಒಬ್ಬೊಬ್ಬರದು ಆಮೇಲೆ.

ಮುಗಿದ ತಕ್ಷಣ ಪಿನ್ನು ತೆಗೆಯಿರಿ. ಬೆವರು ತಗುಲಿದ ಬಟ್ಟೆಯನ್ನು ಕೂಡಲೇ ಮಡಚದೆ ಎರಡು ಮೂರು ಗಂಟೆ ನೆರಳಿನಲ್ಲಿ ಹರವಿ, ಮೊದಲಿನ ಗೆರೆಗಳನ್ನು ಬಿಟ್ಟು ಹೊಸ ಜಾಗದಲ್ಲಿ ಮಡಚಿ, ಪ್ಲಾಸ್ಟಿಕ್ಕಿಗೆ ಬದಲು ಒಗೆದ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಎಲ್ಲಾದರೂ ಎಳೆ ಬಿಟ್ಟಿದ್ದರೆ ಅಂಟುಪಟ್ಟಿ ಹಚ್ಚಬೇಡಿ. ಹಿಂದಿನಿಂದ ತೆಳು ಮಲ್ಲಿನ ತುಂಡು ಕೊಟ್ಟು ರೇಷ್ಮೆ ದಾರದಲ್ಲಿ ಸಡಿಲ ಹೊಲಿಗೆ ಹಾಕಿ, ರಫೂ ಮಾಡುವವರ ಕೈಗೆ ಕೊಡುವವರೆಗೆ ಅಷ್ಟು ಸಾಕು.