ಅಪ್ಪನ ಕೋವಿಯನ್ನು ಮಗ ಒಯ್ಯುವಾಗ

ಶಿರಸಿ, ಸಿದ್ದಾಪುರದ ಕಡೆಯಿಂದ ಕೋವಿಯ ತಕರಾರು ಹಿಡಿದು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಅಡಿಕೆ ತೋಟದ ಸಭ್ಯ ಗೃಹಸ್ಥರು. ಹಂದಿಯ ಕಾಟಕ್ಕೆಂದು ಬೆಳೆ ರಕ್ಷಣೆಯ ಪರವಾನಗಿ ಪಡೆದು ತಪ್ಪದೆ ನವೀಕರಿಸಿಕೊಂಡು ಬಂದವರು. ಅವರ ಕೋವಿ ಠಾಣೆ ಸೇರುವುದು ಬಹುಪಾಲು ಒಂದೇ ಕಾರಣಕ್ಕೆ: ಮಂಡಿನೋವಿನ ತಂದೆ ರಿಪೇರಿಗೆಂದು ಅದನ್ನು ಮಗನ ಕೈಯಲ್ಲಿ ಕಳುಹಿಸಿರುತ್ತಾರೆ.

1959ರ ಆಯುಧ ಕಾಯಿದೆಯ 3ನೇ ಕಲಂ ಇದಕ್ಕೆ ಅವಕಾಶ ಕೊಟ್ಟಿದೆ. ರಿಪೇರಿಗೆ, ಪರವಾನಗಿಯ ನವೀಕರಣಕ್ಕೆ ಅಥವಾ ಪರವಾನಗಿದಾರರ ಸ್ವಂತ ಬಳಕೆಗೆಂದು, ಅವರ ಸಮ್ಮುಖದಲ್ಲಿ ಇಲ್ಲವೇ ಅವರ ಲಿಖಿತ ಅಧಿಕಾರದ ಮೇರೆಗೆ, ಪರವಾನಗಿ ಇಲ್ಲದವರೂ ಕೋವಿ ಒಯ್ಯಬಹುದು. ‘ಲಿಖಿತ’ ಎಂದರೆ ಕಾಗದದ ಮೇಲೆ ಬರೆದು ಸಹಿ ಹಾಕಿದ್ದು ಎಂಬುದನ್ನು ಎಷ್ಟು ಬಾರಿ ಹೇಳಿದರೂ ನಮ್ಮವರ ತಲೆಗೆ ಹೋಗುವುದಿಲ್ಲ. ದೇವಿಮನೆ ಘಟ್ಟದ ದಾರಿಯಲ್ಲಿ ತಡೆಯಲ್ಪಟ್ಟ ಒಬ್ಬ ಹುಡುಗ ಮೊಬೈಲಿನಲ್ಲಿ ಲೈಸೆನ್ಸಿನ ಫೋಟೊ ತೋರಿಸಿದ್ದ. ತಂದೆ ಫೋನಿನಲ್ಲೇ ಪೊಲೀಸರಿಗೆ ‘ನಾನೇ ಕಳಿಸಿದ್ದು’ ಎಂದಿದ್ದರು. ಎರಡೂ ನಿಜವೇ ಆಗಿದ್ದರೂ ಕಾಯಿದೆ ಕೇಳುವ ಚೀಟಿ ಮಾತ್ರ ಅಲ್ಲಿರಲಿಲ್ಲ. ‘ಸ್ವಂತ ಮಗನಿಗೂ ಪತ್ರ ಬರೆದುಕೊಡಬೇಕೇ ವಕೀಲರೇ?’ ಎಂದು ಆ ಹಿರಿಯರು ನೊಂದು ಕೇಳಿದಾಗ ನನಗೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು. ಬರೆಯಬೇಕು: ಕೋವಿಯ ನಂಬರು, ಪರವಾನಗಿಯ ನಂಬರು, ಒಯ್ಯುವವರ ಹೆಸರು, ಉದ್ದೇಶ, ದಿನಾಂಕ, ಸಹಿ, ಜೊತೆಗೆ ಮೂಲ ಪರವಾನಗಿ.

19ನೇ ಕಲಮಿನಡಿ ಯಾವ ಪೊಲೀಸ್ ಅಧಿಕಾರಿಯಾದರೂ ಆಯುಧ ಒಯ್ಯುವವರಿಂದ ಪರವಾನಗಿ ಕೇಳಬಹುದು. ತೋರಿಸದಿದ್ದರೆ ಹೆಸರು, ವಿಳಾಸ ಕೇಳಿ, ಅಗತ್ಯವೆನಿಸಿದರೆ ಆಯುಧವನ್ನು ವಶಪಡಿಸಿಕೊಳ್ಳಬಹುದು. ಆದ್ದರಿಂದ ಕೇಳಿದ ಕೂಡಲೇ ಅವಮಾನವಾಯಿತೆಂದು ಸಿಡುಕುವುದು ವ್ಯರ್ಥ. ಅವರು ಕೇಳುವುದು ಕಾಗದವನ್ನು. ರಾತ್ರಿಯ ಮಳೆಯಲ್ಲಿ ಗೋಣಿ ಬಿಚ್ಚಿ ಕೋವಿಯನ್ನೇ ಎತ್ತಿ ತೋರಿಸುವ ಉತ್ಸಾಹಿಗಳೂ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಕಾಗದಗಳೆಲ್ಲ ಸರಿಯಿದ್ದೂ ಕೋವಿ ತೆಗೆದುಕೊಂಡರೆ, ಅಂಥದ್ದೂ ನಡೆಯುತ್ತದೆ, ರಸ್ತೆಯಲ್ಲಿ ವಾದಿಸದೆ ಲಿಖಿತ ಸ್ವೀಕೃತಿಯನ್ನು ಕೇಳಿ ಪಡೆಯಿರಿ. ಬಿಡುಗಡೆಗೆ ನ್ಯಾಯಾಲಯದಲ್ಲಿ ಅರ್ಜಿ ಹಾಕುವಾಗ ಮೊದಲು ಬೇಕಾಗುವುದು ಅದೇ.

ಚುನಾವಣೆಯ ಹೊತ್ತಿಗೆ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಲು ಮಗನನ್ನು ಕಳುಹಿಸಬಹುದೇ ಎಂಬ ಪ್ರಶ್ನೆಗೆ ನಾನು ಅಷ್ಟು ಧೈರ್ಯದಿಂದ ಹೌದೆನ್ನಲಾರೆ. 3ನೇ ಕಲಂ ಹೆಸರಿಸಿರುವ ಮೂರು ಉದ್ದೇಶಗಳಲ್ಲಿ ಠೇವಣಿ ಎಂಬುದಿಲ್ಲ. ಮಂಡಿನೋವು ಎಷ್ಟೇ ಇರಲಿ, ಆ ದಿನ ತಂದೆಯೂ ಜೀಪು ಹತ್ತುವುದು ಕ್ಷೇಮ. ಅದು ಸಾಧ್ಯವೇ ಇಲ್ಲವಾದರೆ ಕೋವಿಯನ್ನು ಮನೆಯಿಂದ ಹೊರಡಿಸುವ ಮುನ್ನ ಠಾಣೆಗೆ ತಿಳಿಸಿ, ಅವರು ಹೇಳಿದಂತೆ ಮಾಡಿ.