ಉತ್ತರದಾಯಿತ್ವ: ಯಾರು ಯಾರಿಗೆ ಲೆಕ್ಕ ಒಪ್ಪಿಸಬೇಕು?

ಪೇಪರಿನಲ್ಲಿ ಆಗಾಗ ಕಣ್ಣಿಗೆ ಬೀಳುವ ಪದ ಇದು. ಮಾತಿನಲ್ಲಿ ಮಾತ್ರ ಅಪರೂಪ. ‘ದಾಯಿ’ ಅಂದರೆ ಕೊಡುವವ. ಹಾಗಾಗಿ ಉತ್ತರದಾಯಿತ್ವ ಅಂದರೆ ಕೇಳಿದವರಿಗೆ ಉತ್ತರ ಕೊಡಲೇಬೇಕಾದ ಸ್ಥಿತಿ. ಅಕೌಂಟೆಬಿಲಿಟಿ ಅನ್ನುವುದಕ್ಕೆ ಇದನ್ನು ಬಳಸುತ್ತೇವೆ. ಕೆಲವರು ‘ಹೊಣೆಗಾರಿಕೆ’ ಅಂತಲೂ ಬರೆಯುತ್ತಾರೆ. ನನಗೆ ಎರಡೂ ಒಂದೇ ಅನ್ನಿಸುವುದಿಲ್ಲ. ಹೊಣೆ ಕೆಲಸಕ್ಕೆ ಮೊದಲೇ ಹೆಗಲೇರುತ್ತದೆ. ಉತ್ತರದಾಯಿತ್ವದ ಮಾತು ಬರುವುದು ಆಮೇಲೆ, ‘ಯಾಕೆ ಆಗಲಿಲ್ಲ?’ ಅಂತ ಯಾರಾದರೂ ಕೇಳಿದಾಗ.

ಮನೆಮಾತಿನಲ್ಲಿ ಇದಕ್ಕೆ ಒಳ್ಳೆಯ ಹೆಸರೇ ಇದೆ: ಲೆಕ್ಕ ಒಪ್ಪಿಸುವುದು. ಜಾತ್ರೆ ಮುಗಿದ ಮೇಲೆ ಚಂದಾ ಎತ್ತಿದವರು ಗುಡಿ ಕಟ್ಟೆಯ ಮೇಲೆ ಕೂತು, ಶಾಮಿಯಾನಕ್ಕೆ ಇಷ್ಟು, ಅಡುಗೆಯವರಿಗೆ ಇಷ್ಟು ಅಂತ ಓದುತ್ತಾರಲ್ಲ, ಅದೇ. ಬರೆದಿಟ್ಟ ಲೆಕ್ಕ ಇಲ್ಲದಿದ್ದರೆ ಓದುವುದೇನನ್ನು? ಕೇಳಲು ಊರಿನವರೇ ಇಲ್ಲದಿದ್ದರೆ ಓದುವುದು ಯಾರಿಗೆ? ಮೊದಲನೆಯದು ಅಳತೆ, ಎರಡನೆಯದು ಪಾರದರ್ಶಕತೆ.

ಸರ್ಕಾರಿ ಕಚೇರಿಯಲ್ಲಿ ಇದನ್ನು ಹತ್ತಿರದಿಂದ ನೋಡಬೇಕಾದರೆ ನಮ್ಮ ‘ಸಕಾಲ’ವನ್ನೇ ನೋಡಬಹುದು. ಸರ್ಕಾರಿ ಸೇವೆ ಗೊತ್ತುಮಾಡಿದ ಗಡುವಿನೊಳಗೆ ಜನರಿಗೆ ಸಿಗಲೇಬೇಕು ಅನ್ನುವ ಕರ್ನಾಟಕದ 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದ ತುಂಬ ಜಾರಿ. ಅದಕ್ಕೂ ಮುಂಚೆ ಅರ್ಜಿ ಕೊಟ್ಟು ಬಂದರೆ ‘ನಾಳೆ ಬನ್ನಿ’ ಅನ್ನುವುದೇ ಉತ್ತರ. ಆ ನಾಳೆ ಯಾವತ್ತು ಅಂತ ಕೇಳುವ ಹಾಗಿರಲಿಲ್ಲ. ಸಕಾಲ ಬಂದ ಮೇಲೆ ಕೌಂಟರಿನಲ್ಲಿ ಒಂದು ಸ್ವೀಕೃತಿ ಚೀಟಿ ಕೊಡತೊಡಗಿದರು. ಅದರಲ್ಲಿ ಅರ್ಜಿಯ ಗುರುತಿಗೆ 15 ಅಂಕಿಯ ಜಿಎಸ್‌ಸಿ ನಂಬರ್, ಜೊತೆಗೆ ಕೆಲಸ ಮುಗಿಯಬೇಕಾದ ದಿನಾಂಕ. ತಡವಾದರೆ ಅರ್ಜಿದಾರರು ಮೇಲಧಿಕಾರಿಗೆ ಮನವಿ ಹಾಕಬಹುದು. ದಿನಕ್ಕೆ 20 ರೂಪಾಯಿಯಂತೆ ಪರಿಹಾರ, ಜಾಸ್ತಿ ಅಂದರೆ 500. ಅಂದರೆ 25 ದಿನಕ್ಕೆ ಮೀಟರ್ ನಿಂತುಬಿಡುತ್ತದೆ! ಹಣ ಸಣ್ಣದೇ. ಆದರೆ ತಪ್ಪು ಮಾಡಿದ ಅಧಿಕಾರಿಯ ಸಂಬಳದಿಂದ ಅದನ್ನು ವಸೂಲಿ ಮಾಡಲು ಕಾಯ್ದೆಯಲ್ಲಿ ಅವಕಾಶವಿದೆ. ನನ್ನ ಪ್ರಕಾರ ಹಣಕ್ಕಿಂತ ಆ ಚೀಟಿಯೇ ದೊಡ್ಡದು. ಗಡುವು ಮೊದಲೂ ಇದ್ದಿರಬಹುದು, ಫೈಲಿನ ಒಳಗೆ. ಈಗ ಅದು ನಿಮ್ಮ ಜೇಬಿನಲ್ಲಿದೆ, ಅಲ್ವಾ?

ಹಾಗಂತ ಅಳತೆಪಟ್ಟಿ ಇಟ್ಟ ಕೂಡಲೇ ಎಲ್ಲ ಸರಿಹೋಗುವುದಿಲ್ಲ. ಗಡುವಿಗೆ ಎರಡು ದಿನ ಬಾಕಿ ಇರುವಾಗ ‘ದಾಖಲೆ ಸರಿಯಿಲ್ಲ’ ಅಂತ ಅರ್ಜಿ ತಿರಸ್ಕರಿಸಿದರೂ ಲೆಕ್ಕದಲ್ಲಿ ಅದು ‘ಸಕಾಲದಲ್ಲಿ ವಿಲೇವಾರಿ’ಯೇ. ಅರ್ಜಿಯನ್ನು ಕಂಪ್ಯೂಟರಿಗೆ ಹತ್ತಿಸದೆ ಸುಮ್ನೆ ಮೇಜಿನ ಮೇಲೆ ಇಟ್ಟುಕೊಂಡರಂತೂ ಗಡಿಯಾರ ಶುರುವಾಗುವುದೇ ಇಲ್ಲ. ಯಾವುದನ್ನು ಅಳೆಯುತ್ತೇವೋ ಅದಷ್ಟೇ ಚೆಂದ ಕಾಣುವಂತೆ ಮಾಡುವುದು ಸರ್ಕಾರಿ ಕಚೇರಿಯ ಚಾಳಿ ಮಾತ್ರವಲ್ಲ. ಮಾರ್ಕ್ಸಿಗಾಗಿ ಗೈಡ್ ಉರು ಹೊಡೆದ ನಮಗೆಲ್ಲ ಇದು ಗೊತ್ತಿರುವುದೇ.

ಅದಕ್ಕೇ ಅಳೆಯುವ ಕೆಲಸ ಬೇರೆಯವರ ಕೈಯಲ್ಲೂ ಇರಬೇಕು. ಬೆಂಗಳೂರಿನಲ್ಲಿ 1994ರಲ್ಲೇ ಅಂಥದ್ದೊಂದು ಪ್ರಯೋಗ ನಡೆದಿತ್ತು. ಅರ್ಥಶಾಸ್ತ್ರಜ್ಞ ಸ್ಯಾಮುಯೆಲ್ ಪಾಲ್ ಮತ್ತು ಅವರ ಜೊತೆಗಾರರು ನಗರದ ನೀರು, ಕರೆಂಟು, ಫೋನು, ಆಸ್ಪತ್ರೆ ಮುಂತಾದ ಸೇವೆಗಳ ಬಗ್ಗೆ ಜನರನ್ನೇ ಕೇಳಿ ‘ಸಿಟಿಜನ್ ರಿಪೋರ್ಟ್ ಕಾರ್ಡ್’ ಹೊರತಂದರು. ಸಾರ್ವಜನಿಕ ಸಂಸ್ಥೆಗಳಿಗೆ ಜನ ಕೊಟ್ಟ ಮಾರ್ಕ್ಸ್ ಕಾರ್ಡ್ ಅದು. ಅಂಕಗಳು ಪತ್ರಿಕೆಗಳಲ್ಲಿ ಬಂದವು, ಅದೂ ಸಂಸ್ಥೆಗಳ ಹೆಸರಿನ ಸಮೇತ. ಪಾಲ್ ಕಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್ ಅನ್ನುವ ಸಂಸ್ಥೆ 1999ರಲ್ಲಿ, 2003ರಲ್ಲಿ ಮತ್ತೆ ಇದೇ ಸಮೀಕ್ಷೆ ಮಾಡಿತು. ಹೀಗಾಗಿ ಹಿಂದಿನ ಅಂಕದ ಪಕ್ಕ ಹೊಸ ಅಂಕ ಇಟ್ಟು ನೋಡುವುದು ಸಾಧ್ಯವಾಯಿತು.

ಕೇಳಿದ್ದು ತೀರಾ ಸಾದಾ ಪ್ರಶ್ನೆಗಳು. ಸಿಬ್ಬಂದಿ ಹೇಗೆ ನಡೆಸಿಕೊಂಡರು? ಲಂಚ ಕೊಡಬೇಕಾಯಿತೇ? ಸಮಸ್ಯೆ ಬಗೆಹರಿಯಿತೇ? ಅರ್ಜಿ ತಿರಸ್ಕಾರವಾಗಿ ಮೂರನೇ ಸಲ ಸಾಲಿನಲ್ಲಿ ನಿಂತವರು ಕಚೇರಿಯ ಲೆಕ್ಕದಲ್ಲಿ ಎರಡು ವಿಲೇವಾರಿ. ಈ ಕೊನೆಯ ಪ್ರಶ್ನೆಗೆ ಅವರು ಹೇಳುವ ಉತ್ತರ ‘ಇಲ್ಲ’.